ಸಂಸದರ ಮನೆಯ ಬೆಳಕು

ನಮ್ಮೂರಿನಲ್ಲಿ ಹೊತ್ತು ಮೂಡುವುದೂ ಮುಳುಗುವುದೂ ನಮ್ಮ ಸಂಸತ್ ಸದಸ್ಯರು ಯಾವ ಮನೆಯಲ್ಲಿ ಮಲಗುತ್ತಾರೋ ಆ ಮನೆಯ ಕಿಟಕಿಯ ಲೆಕ್ಕದಲ್ಲಿ. ಬಿಸಿಲಿನ ಕಾವು ನಮ್ಮದೇ. ಮಳೆ, ಗಾಳಿ, ಧೂಳು ಎಲ್ಲವೂ ನಮ್ಮವೇ. ಬೆಳಕೊಂದು ಮಾತ್ರ ಅವರದು. ನಮ್ಮ ಸದಸ್ಯರಾದರೋ ಯಾವಾಗಲೂ ಸ್ಕಾಟ್ಲೆಂಡಿನವರು. ನಮ್ಮ ಊರೂ ಅಲ್ಲಿಯ ಉತ್ತರ ಸಮುದ್ರದ ಕೆಲವು ದ್ವೀಪಗಳೂ ಸೇರಿ ಒಂದೇ ಕ್ಷೇತ್ರ, ಗಡಿಯಾರವೂ ಒಂದೇ. ನಾನು ಹೆಣ್ಣುಮಕ್ಕಳ ಕಾಲೇಜಿನಲ್ಲಿ ತಲೆ ನರೆಯುವವರೆಗೂ ಚರಿತ್ರೆ ಪಾಠ ಹೇಳಿದವಳು. ಇದು ಯಾವಾಗಿನಿಂದ ಹೀಗೆ ಎಂದು ಒಬ್ಬ ವಿದ್ಯಾರ್ಥಿನಿಯೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನನಗೂ ಉತ್ತರ ಗೊತ್ತಿರಲಿಲ್ಲ.

ನಾನು ಚಿಕ್ಕವಳಿದ್ದಾಗ ಆಗ್ನೆಸ್ ಮಾಂಕರ್ ಎಂಬ ವಕೀಲೆ ಗೆದ್ದಿದ್ದರು. ಅವರ ಮನೆ ಗಿರಣಿಗಳ ಹೊಗೆ ಕೊಳವೆಗಳ ನಡುವೆ ಇತ್ತು. ಅವರ ಕಾಲದಲ್ಲೆಲ್ಲ ನಮಗೆ ಸಿಕ್ಕಿದ್ದು ನೀರು ಬೆರೆಸಿದ ಮಜ್ಜಿಗೆಯಂಥ ಬೆಳಕು. ಎಷ್ಟು ಒಗೆದರೂ ಪಂಚೆ ಬೆಳ್ಳಗೆ ಕಾಣುತ್ತಿರಲಿಲ್ಲ. ಆದರೆ ಆಕೆ ಒಳ್ಳೆಯವರು, ಕೆರೆಯ ಏರಿ ಕಟ್ಟಿಸಿದರು; ಅದಕ್ಕೇ ಅವರನ್ನು ಮತ್ತೆ ಮತ್ತೆ ಗೆಲ್ಲಿಸಿದೆವು. ಆಮೇಲೆ ಒಬ್ಬ ಹಡಗಿನ ಕಪ್ತಾನರು ಗೆದ್ದರು. ಅವರು ಮಲಗುತ್ತಿದ್ದುದು ಹಡಗಿನಲ್ಲಿ. ಇವತ್ತು ಒಂದು ಕಡಲು, ನಾಳೆ ಇನ್ನೊಂದು. ನಮಗೆ ಒಂದು ದಿನ ಮುಸುರೆ ತಿಕ್ಕುವ ಹೊತ್ತಿಗೆ ಬೆಳಗಾದರೆ, ಮರುದಿನ ಊಟಕ್ಕೆ ಕೂತಾಗ ಬೆಳಗಾಗುತ್ತಿತ್ತು. ಊರಿನ ಹುಂಜಗಳು ಬೇಸತ್ತು ಕೂಗುವುದನ್ನೇ ಬಿಟ್ಟವು. ಅದನ್ನು ಕೇಳಿ ಕಪ್ತಾನರು ನೊಂದುಕೊಂಡು ತಾವಾಗಿಯೇ ರಾಜೀನಾಮೆ ಕೊಟ್ಟರು.

ಅವರ ನಂತರ ಬಂದವರು ಮ್ಯಾಗ್ನಸ್ ಹಾಲ್‌ಕ್ರೋ. ಕುರಿ ಸಾಕುವವರು. ಎಲ್ಲಕ್ಕಿಂತ ಉತ್ತರದ ದ್ವೀಪದ ತುತ್ತತುದಿಯಲ್ಲಿ ಅವರ ಮನೆ. ಹೀಗಾಗಿ ನಮ್ಮ ಬೇಸಿಗೆಯ ಸಂಜೆಗಳು ಮುಗಿಯುವುದನ್ನೇ ಮರೆತವು. ಊಟ ಮುಗಿಸಿ, ಎಲೆ ಅಡಿಕೆ ಮೆದ್ದು, ಹಾಸಿಗೆ ಬಿಚ್ಚಿದರೂ ಅಂಗಳದಲ್ಲಿ ಹೊಂಬಣ್ಣದ ಬೆಳಕು ಕಾಲು ಚಾಚಿ ಕೂತಿರುತ್ತಿತ್ತು. ಕೆರೆಯ ನೀರು ಹಿತ್ತಾಳೆಯ ಹರಿವಾಣದ ಹಾಗೆ ಮಿನುಗುತ್ತಿತ್ತು. ದನಗಳು ಹಟ್ಟಿಗೆ ಬಂದು, ಇದು ಬರುವ ಹೊತ್ತೋ ಅಲ್ಲವೋ ಎಂದು ಬಾಗಿಲಲ್ಲೇ ನಿಂತುಬಿಡುತ್ತಿದ್ದವು. ಚಳಿಗಾಲ ಇದಕ್ಕೆ ತಿರುಗುಮುರುಗು. ಮಧ್ಯಾಹ್ನ ಮೂರು ಹೊಡೆಯುವಷ್ಟರಲ್ಲಿ ಕಪ್ಪು ಕಂಬಳಿ ಹೊದ್ದಂಥ ಕತ್ತಲೆ. ಶಾಲೆಯನ್ನು ಎರಡಕ್ಕೇ ಬಿಡಬೇಕು, ಸಂತೆಯನ್ನು ಮಧ್ಯಾಹ್ನಕ್ಕೇ ಎತ್ತಬೇಕು. ಬೀದಿಯಲ್ಲಿ ದೀಪಗಳೇನೋ ಇವೆ. ಅವು ತಮ್ಮ ತಮ್ಮ ಕಂಬವನ್ನು ಬೆಳಗಿಸಿಕೊಂಡು ನಿಂತಿರುತ್ತವೆ.

ಮ್ಯಾಗ್ನಸ್ ವರ್ಷಕ್ಕೊಮ್ಮೆ ಬರುತ್ತಿದ್ದರು. ದೊಡ್ಡ ಆಳು, ಸಣ್ಣ ಮಾತು. ಕೆರೆಯ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಬಿಟ್ಟುಕೊಂಡು ಊರಿನ ಅಹವಾಲು ಕೇಳುತ್ತಿದ್ದರು. ನಮ್ಮ ಕ್ಷೇತ್ರದಲ್ಲಿ ಓಟು ಕೇಳುವವರು ಕನ್ನಡ ಕಲಿಯಲೇಬೇಕು, ಅದು ಮೊದಲಿನಿಂದ ಬಂದ ಪದ್ಧತಿ. ಒಮ್ಮೆ ಹೂವಿನ ಸಾಕಮ್ಮ ಅವರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಅಲ್ಲಾ ಸ್ವಾಮಿ, ಚಳಿಗಾಲದಲ್ಲಿ ಒಂದ್ ಎರಡ್ ತಿಂಗ್ಳು ಎಲ್ಲಾದ್ರೂ ಬೇರೆ ಕಡೆ ಮಲಗಬಾರ್ದಾ? ನಿಮ್ ತಂಗಿ ಮನೆ ಇಲ್ವಾ?”

“ಕುರಿ ಇದ್ದಾವಮ್ಮ” ಎಂದರು ಮ್ಯಾಗ್ನಸ್.

“ಕುರೀನೂ ಕರ್ಕೊಂಡ್ ಹೋಗಿ.”

ಅವರು ಬಹಳ ಹೊತ್ತು ಯೋಚಿಸಿದರು. “ಅವು ಒಪ್ಪಲ್ಲ” ಎಂದರು. ಕುರಿ ಸಾಕಿದ ನಮ್ಮವರೆಲ್ಲ ಹೌದೆಂದು ತಲೆಯಾಡಿಸಿದರು.

ಸಾಕಮ್ಮನ ಕಷ್ಟ ಸಣ್ಣದಾಗಿರಲಿಲ್ಲ. ಮಲ್ಲಿಗೆ ಮೊಗ್ಗು ಬಾಯಿ ಬಿಡುವುದು ಮಬ್ಬುಗತ್ತಲೆಯಲ್ಲಿ. ನಮ್ಮ ಬೇಸಿಗೆಯಲ್ಲಿ ಮಬ್ಬೇ ಇಲ್ಲ. ಅವಳು ಕಟ್ಟಿದ ದಂಡೆ ಮುಡಿದವರ ಜಡೆಯಲ್ಲಿ ಅಕ್ಕಿಕಾಳಿನಂತೆ ಹಾಗೇ ಬಿಗಿದುಕೊಂಡಿರುತ್ತಿತ್ತು. “ಏನ್ ಸಾಕಮ್ಮ, ನಿನ್ ಹೂವಿಗೆ ವಾಸ್ನೇನೇ ಇಲ್ಲ” ಎಂದು ಹೆಂಗಸರು ಹಂಗಿಸುತ್ತಿದ್ದರು. ಮುಂದಿನ ಚುನಾವಣೆಯಲ್ಲಿ ಆ ಕುರಿಯವನನ್ನು ಮನೆಗೆ ಕಳಿಸದಿದ್ದರೆ ತನ್ನ ಹೆಸರು ಸಾಕಮ್ಮನೇ ಅಲ್ಲ ಎಂದು ಅವಳು ಸಾರಿಕೊಂಡು ತಿರುಗುತ್ತಿದ್ದಳು. ಗಾಣದ ರುದ್ರಪ್ಪನೂ ಹಾಗೇ ಹೇಳುತ್ತಿದ್ದ. ನಾನೂ ಹೇಳುತ್ತಿದ್ದೆ. ಚಳಿಗಾಲದ ಆ ಉದ್ದ ಕತ್ತಲಲ್ಲಿ ಒಬ್ಬಳೇ ಕೂತು ಓದುವುದು ನನ್ನ ಕಣ್ಣಿಗೂ ಮನಸ್ಸಿಗೂ ಆಗುತ್ತಿರಲಿಲ್ಲ.

ಊರಿನಲ್ಲಿ ಮ್ಯಾಗ್ನಸ್ ಅವರ ಬೆಳಕು ಬೇಕಾಗಿದ್ದವರು ಒಬ್ಬರೇ. ಹಾರ್ಮೋನಿಯಂ ರಿಪೇರಿಯ ಮೌನೇಶಾಚಾರ್ರು.

ಆಚಾರ್ರಿಗೆ ಇರುಳುಗಣ್ಣು. ಹುಟ್ಟಿದಾಗಿನಿಂದಲೂ ಇತ್ತು. ಇದು ಊರಿಗೆಲ್ಲ ಗೊತ್ತಿತ್ತು. ಊರಿಗೆ ಗೊತ್ತಿದೆ ಎನ್ನುವುದು ಆಚಾರ್ರಿಗೆ ಮಾತ್ರ ಗೊತ್ತಿರಲಿಲ್ಲ. ಅವರು ಮಾನಿಷ್ಠರು. ಹೆಂಡತಿ ತೀರಿಕೊಂಡ ಮೇಲೆ ಕೆರೆಯಾಚೆಯ ಮನೆಯಲ್ಲಿ ಒಬ್ಬರೇ ಇದ್ದರು, ಅಂಗಡಿ ಪೇಟೆ ಬೀದಿಯ ಈ ತುದಿಯಲ್ಲಿತ್ತು. ಕತ್ತಲಾದ ಮೇಲೆ ಭಜನೆಗೆ ಕರೆದರೆ “ನೆಗಡಿ ಕಣಪ್ಪ” ಎನ್ನುತ್ತಿದ್ದರು. ಮದುವೆಯ ಊಟಕ್ಕೆ ಕರೆದರೂ ನೆಗಡಿ. ನಾಟಕಕ್ಕೆ ಕರೆದರೂ ನೆಗಡಿ. ಆದರೆ ಮ್ಯಾಗ್ನಸ್ ಗೆದ್ದ ಮೊದಲ ಬೇಸಿಗೆಯಲ್ಲಿ ಅವರ ನೆಗಡಿ ವಾಸಿಯಾಯಿತು. ಸಂಜೆ ಎಂದರೆ ಹೇಗಿರುತ್ತದೆಂದು ಅವರು ಅರವತ್ತು ದಾಟಿದ ಮೇಲೆ ನೋಡಿದರು. ಹಕ್ಕಿಗಳು ಆಲದ ಮರಕ್ಕೆ ಮರಳುವುದನ್ನು ಏರಿಯ ಮೇಲೆ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ದಿನಾ ಭಜನೆ ಮಂದಿರಕ್ಕೆ ಬಂದು ಹಾರ್ಮೋನಿಯಂ ನುಡಿಸುತ್ತಿದ್ದರು, ಮುಗಿದ ಮೇಲೆ ಯಾರ ಜೊತೆಯೂ ಇಲ್ಲದೆ ಕೈಬೀಸಿಕೊಂಡು ಮನೆಗೆ ನಡೆಯುತ್ತಿದ್ದರು. ಆ ನಡಿಗೆ ನೋಡಲು ಚೆಂದ. ದೊಡ್ಡ ಜಮೀನ್ದಾರನೊಬ್ಬ ತನ್ನ ಹೊಲ ಸುತ್ತುವಂತೆ ಇರುತ್ತಿತ್ತು.

ಚಳಿಗಾಲದಲ್ಲಿ ಅಂಗಡಿ ಮುಚ್ಚುವ ಮೊದಲೇ ಕತ್ತಲೆ ಬಂದುಬಿಡುತ್ತಿತ್ತು. ಆಗ ಆಚಾರ್ರು ಮನೆ ಸೇರಲೇಬೇಕಲ್ಲ. ಕೈ ಹಿಡಿಯಲು ಹೋದರೆ ಅವರಿಗೆ ಅವಮಾನ. ಅದಕ್ಕೇ ಪೇಟೆ ಬೀದಿಯವರು ಒಂದು ದಾರಿ ಕಂಡುಕೊಂಡಿದ್ದರು. ಅವರು ಕೂತು ಮಾತಾಡಿಕೊಂಡದ್ದಲ್ಲ, ಒಬ್ಬರನ್ನು ನೋಡಿ ಒಬ್ಬರು ಕಲಿತದ್ದು. ಆಚಾರ್ರ ಚಪ್ಪಲಿಯ ಸದ್ದು ಹತ್ತಿರ ಬಂದ ಕೂಡಲೇ ಜಗಲಿಯ ಮೇಲಿದ್ದವರು ಕೆಮ್ಮುತ್ತಿದ್ದರು. ರುದ್ರಪ್ಪನದು ಗಡಸು ಕೆಮ್ಮು: ಇಲ್ಲಿ ಗಾಣದ ಕಲ್ಲು, ಎಡಕ್ಕೆ ಹೋಗಿ. ಸಾಕಮ್ಮನದು ಎರಡು ಸಲ ಸಣ್ಣ ಕೆಮ್ಮು: ಮುಂದೆ ಚರಂಡಿ, ಹುಷಾರು. ನನ್ನ ಮನೆ ತಿರುವಿನಲ್ಲಿದ್ದುದರಿಂದ ನಾನು ಗಂಟಲು ಸರಿಮಾಡಿಕೊಳ್ಳುವಂತೆ ಉದ್ದಕ್ಕೆ ಕೆಮ್ಮುತ್ತಿದ್ದೆ. ಆಚಾರ್ರು ಆ ಸದ್ದುಗಳ ದಾರ ಹಿಡಿದುಕೊಂಡು ಮನೆ ಸೇರುತ್ತಿದ್ದರು. ಊರಿನ ಜನಕ್ಕೆ ಎದೆ ಸರಿಯಿಲ್ಲ ಎಂದು ಪಾಪ ಅವರು ನನ್ನ ಹತ್ತಿರ ಮರುಗಿದ್ದೂ ಉಂಟು.

ಆ ವರ್ಷ ಚುನಾವಣೆ ಚಳಿಗಾಲದಲ್ಲೇ ಬಂತು. ಮ್ಯಾಗ್ನಸ್ ಅವರ ಎದುರು ನಿಂತವರು ಎಲ್ಸ್‌ಪೆತ್ ರೆನ್ನಿ ಎಂಬ ಹೆಣ್ಣುಮಗಳು, ನಾಚಿಕೆಯ ಮುಖದವರು, ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದವರು. ಕನ್ನಡವನ್ನು ಪುಸ್ತಕದಿಂದಲೇ ಕಲಿತಿದ್ದರು. ಬಂದವರೇ ಒಂದು ವಾರ ನಮ್ಮೂರಿನಲ್ಲಿ ಉಳಿದರು, ಬೀದಿ ಬೀದಿ ನಡೆದರು, ಕೊಟ್ಟದ್ದನ್ನೆಲ್ಲ ತಿಂದರು. ಕೊನೆಯ ದಿನ ಪೇಟೆಯ ಚೌಕದಲ್ಲಿ ಸಭೆ. ನಾಲ್ಕು ಗಂಟೆಗೇ ಕತ್ತಲು ಕವಿದಿತ್ತು, ಪೆಟ್ರೋಮ್ಯಾಕ್ಸ್ ಹಚ್ಚಿದ್ದರು. ಸ್ವಾಗತ ಗೀತೆಗೆ ಹಾರ್ಮೋನಿಯಂ ನುಡಿಸಲು ಆಚಾರ್ರನ್ನು ಬೆಳಕಿದ್ದಾಗಲೇ ಕರೆತಂದು ವೇದಿಕೆಯ ಪಕ್ಕದಲ್ಲಿ ಕೂರಿಸಿದ್ದರು.

“ಮಾನ್ಯ ನಾಗರಿಕರೇ” ಎಂದು ಎಲ್ಸ್‌ಪೆತ್ ಆರಂಭಿಸಿದರು. “ನಾನು ಗೆದ್ದರೆ ಅಲ್ಲಿಯ ನನ್ನ ಮನೆಗೆ ಬೀಗ ಹಾಕಿ ಇದೇ ಊರಿನಲ್ಲಿ ವಾಸ ಮಾಡುವೆನು. ನಿಮ್ಮ ಸೂರ್ಯನನ್ನು ನಿಮಗೆ ಒಪ್ಪಿಸುವೆನು.”

ಚಪ್ಪಾಳೆ ಚೌಕದಾಚೆಗೂ ಕೇಳಿಸಿತು. ಸಾಕಮ್ಮ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದಳು.

“ಎರಡನೆಯದಾಗಿ, ನಿಮ್ಮ ಕೆಮ್ಮು” ಎಂದರು ಎಲ್ಸ್‌ಪೆತ್.

ಚಪ್ಪಾಳೆ ನಿಂತುಹೋಯಿತು.

“ನಾನು ಮೊನ್ನೆ ಕತ್ತಲಾದ ಮೇಲೆ ಪೇಟೆ ಬೀದಿಯಲ್ಲಿ ನಡೆದೆನು. ಹಾರ್ಮೋನಿಯಂ ದುರಸ್ತಿ ಮಾಡುವ ಈ ಹಿರಿಯರು ನನ್ನ ಮುಂದೆ ಹೋಗುತ್ತಿದ್ದರು. ಇವರು ಯಾವ ಮನೆಯ ಮುಂದೆ ಬಂದರೂ ಆ ಮನೆಯವರಿಗೆ ಕೆಮ್ಮು ಬಂದಿತು. ಇವರು ದಾಟಿದ ಕೂಡಲೇ ಹೋಯಿತು. ಇವರ ಹಿಂದೆಯೇ ನಾನು ಬಂದಾಗ ಯಾರೂ ಕೆಮ್ಮಲಿಲ್ಲ. ಇವರ ಬಟ್ಟೆಯ ಮರದ ಹೊಟ್ಟು ಕಾರಣವಿರಬಹುದು. ಇದಕ್ಕಾಗಿ ಒಂದು ಆಸ್ಪತ್ರೆಯನ್ನು ಕಟ್ಟಿಸುವೆನು.”

ಆಕೆಯ ಮುಖದಲ್ಲಿ ಕರುಣೆಯ ಹೊರತು ಬೇರೇನೂ ಇರಲಿಲ್ಲ. ಆಚಾರ್ರ ಎಡಗೈ ಹಾರ್ಮೋನಿಯಂನ ತಿದಿಯ ಮೇಲಿತ್ತು, ಬಲಗೈಯ ಒಂದು ಬೆರಳು ಒಂದು ಸ್ವರದ ಮನೆಯ ಮೇಲೆ. ಆ ಬೆರಳು ಎದ್ದೇಳಲಿಲ್ಲ. ಒಂದೇ ಸ್ವರ ಸಣ್ಣಗೆ ಎಳೆದುಕೊಂಡು ಹೋಗಿ, ಒಳಗಿನ ಗಾಳಿ ತೀರಿದ ಮೇಲೆ ತಾನಾಗಿ ನಿಂತಿತು. ಅವರು ತಲೆಯೆತ್ತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಖ ತಿರುಗಿಸಿದರು. ಅವರಿಗೆ ನಾವು ಕಾಣುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ತಲೆ ತಗ್ಗಿಸಿದೆ.

ರುದ್ರಪ್ಪ ಎದ್ದು ನಿಂತ. “ಹೌದು ತಾಯಿ, ಬಾಳ ಕೆಮ್ಮು ಈ ಊರಲ್ಲಿ. ಎಲ್ರಿಗೂ, ಎಲ್ಲಾ ಹೊತ್ತಿನಲ್ಲೂ” ಎಂದು ಜೋರಾಗಿ ಕೆಮ್ಮಿ ತೋರಿಸಿದ. ಸಾಕಮ್ಮ ಕೆಮ್ಮಿದಳು. ನಾನೂ ಕೆಮ್ಮಿದೆ. ಚೌಕಕ್ಕೆ ಚೌಕವೇ ಕೆಮ್ಮಿತು. ಕೆಲವರಿಗೆ ಕೆಮ್ಮಿ ಕೆಮ್ಮಿ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಎಲ್ಸ್‌ಪೆತ್ ಗಾಬರಿಯಾಗಿ ಆಸ್ಪತ್ರೆಗೆ ಇನ್ನೊಂದು ಮಹಡಿ ಸೇರಿಸಿದರು. ಆದರೆ ಹೇಳಿದ ಮಾತನ್ನು ಕೆಮ್ಮಿ ಅಳಿಸಲಾಗುತ್ತದೆಯೆ? ಆಚಾರ್ರು ಮೆಲ್ಲಗೆ ಹಾರ್ಮೋನಿಯಂನ ಮುಚ್ಚಳ ಮುಚ್ಚಿದರು.

ಮರುದಿನದಿಂದ ಅವರು ಬೆಳಕಿದ್ದಾಗಲೇ ಅಂಗಡಿ ಮುಚ್ಚಿ ಮನೆ ಸೇರತೊಡಗಿದರು. ಜಗಲಿಗಳು ಕಾದು ಕೂತವು, ಯಾರಿಗಾಗಿ ಕೆಮ್ಮಬೇಕೋ ಅವರೇ ಬರಲಿಲ್ಲ.

ಮತದಾನದ ದಿನ ಶಾಲೆಯ ಕೋಣೆಯ ಮೇಜಿನ ಹಿಂದೆ ನಾನಿದ್ದೆ. ಕಾಲೇಜಿನಲ್ಲಿದ್ದಾಗಿನಿಂದಲೂ ಆ ಕೆಲಸ ನನ್ನದೇ. ನಿವೃತ್ತಿಯಾದ ಮೇಲೂ ಯಾರೂ ಬೇಡವೆನ್ನಲಿಲ್ಲ. ಬೆಳಿಗ್ಗೆ ಮೊದಲು ನನ್ನ ಓಟು ಹಾಕಿದೆ. ಮರೆಯ ಹಿಂದೆ ಹೋಗುವವರೆಗೂ ಎಲ್ಸ್‌ಪೆತ್ ಎಂದೇ ಅಂದುಕೊಂಡಿದ್ದೆ. ಮುದ್ರೆ ಕೈಯಲ್ಲಿ ಹಿಡಿದಾಗ ಏರಿಯ ಮೇಲೆ ಬಾಯಿ ಬಿಟ್ಟುಕೊಂಡು ಹಕ್ಕಿ ನೋಡುವ ಮುಖವೊಂದು ಎದುರಿಗೆ ಬಂತು. ಊರೆಲ್ಲ ಎಲ್ಸ್‌ಪೆತ್‌ಗೆ ಹಾಕುತ್ತದೆ, ಆಕೆ ಹೇಗೂ ಗೆಲ್ಲುತ್ತಾರೆ, ನನ್ನದೊಂದು ಓಟು ಆಚಾರ್ರ ಹೆಸರಿನಲ್ಲಿ ಆ ಕಡೆ ಇರಲಿ ಎಂದುಕೊಂಡು ಮ್ಯಾಗ್ನಸ್ ಅವರ ಕುರಿ ಚಿಹ್ನೆಯ ಮೇಲೆ ಒತ್ತಿಬಿಟ್ಟೆ. ಆಮೇಲೆ ದಿನವಿಡೀ ಜನ ಬಂದರು. ಮರೆಯ ಹಿಂದೆ ಪ್ರತಿಯೊಬ್ಬರೂ ಸ್ವಲ್ಪ ಹೆಚ್ಚೇ ಹೊತ್ತು ನಿಂತು ಹೊರಬರುವುದು ಕಂಡಿತು. ಅದೇಕೆಂದು ನನಗೆ ಹೊಳೆಯಲಿಲ್ಲ.

ಕತ್ತಲಾಯಿತು. ಬಾಗಿಲು ಹಾಕುವ ಹೊತ್ತಿಗೆ ಬೀದಿಯ ದೂರದ ತುದಿಯಿಂದ ಕೆಮ್ಮು ಕೇಳಿಸಿತು. ಮೊದಲು ರುದ್ರಪ್ಪನದು, ಆಮೇಲೆ ಸಾಕಮ್ಮನ ಜೋಡಿ ಕೆಮ್ಮು. ಕೆಮ್ಮು ಮನೆಯಿಂದ ಮನೆಗೆ ದಾಟುತ್ತ ನಮ್ಮ ಕಡೆಗೆ ಬರುತ್ತಿತ್ತು. ಕೊನೆಗೆ ಶಾಲೆಯ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ನಾನು ಗಂಟಲು ಸರಿಮಾಡಿಕೊಂಡೆ.

“ಇಲ್ಲೇ ಇದ್ದೀರ ಅಂತ ಗೊತ್ತಾಯ್ತು ಮೇಡಂ” ಎಂದರು ಆಚಾರ್ರು, ಬಾಗಿಲ ಚೌಕಟ್ಟು ಹಿಡಿದು. “ಬೆಳಿಗ್ಗೆಯಿಂದ ಬರೋದೋ ಬೇಡ್ವೋ ಅಂತ ಅಂಗಡೀಲೇ ಕೂತಿದ್ದೆ. ಎದ್ದಾಗ ಹೊತ್ತು ಮುಳುಗಿತ್ತು.”

“ಬನ್ನಿ ಆಚಾರ್ರೇ. ನೆಗಡಿ ಹೇಗಿದೆ?”

“ನೆಗಡಿ ಇಲ್ಲ ಮೇಡಂ.” ಅವರು ಚೌಕಟ್ಟಿನಿಂದ ಕೈ ತೆಗೆದರು. “ಕಣ್ಣು. ನನಗೆ ಕಾಣ್ಸಲ್ಲ. ಕತ್ತಲಾದ್ರೆ ಏನೂ ಕಾಣ್ಸಲ್ಲ.”

ಇಷ್ಟು ವರ್ಷದಲ್ಲಿ ಆ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ಕಣ್ಣು ಕಾಣದವರು ತಮಗೆ ನಂಬಿಕೆಯಿದ್ದ ಒಬ್ಬರನ್ನು ಮರೆಯ ಹಿಂದೆ ಕರೆದೊಯ್ಯಬಹುದು. ಅವರು ಕೈ ಚಾಚಿದರು, ನಾನು ಹಿಡಿದುಕೊಂಡೆ. ಅಂಗೈ ಉಳಿ ಹಿಡಿದು ಗಟ್ಟಿಯಾಗಿತ್ತು, ಬೆವೆತಿತ್ತು. ಕುರಿ ಚಿಹ್ನೆಯ ಕಡೆಗೆ ಮುದ್ರೆಯನ್ನು ಆಗಲೇ ಒಯ್ದಿದ್ದೆ.

“ಆ ಹುಡುಗಿಗೆ ಹಾಕಿ” ಎಂದರು.

“ಆಚಾರ್ರೇ, ಅವರು ಗೆದ್ದರೆ ನಿಮ್ಮ ಸಂಜೆ...”

“ಗೊತ್ತು ಮೇಡಂ. ಬರ್ತಾ ಎಲ್ರೂ ಕೆಮ್ಮಿದ್ರು. ರುದ್ರಪ್ಪನಿಗೆ ಮೂರ್ ದಿನದಿಂದ ಜ್ವರವಂತೆ, ಕಂಬಳಿ ಹೊದ್ಕೊಂಡು ಎದ್ದು ಬಂದು ಕೆಮ್ಮಿದ. ನನ್ನೊಬ್ಬನ ಕಣ್ಣಿಗೋಸ್ಕರ ಈ ಜನ ಎಷ್ಟ್ ಚಳಿಗಾಲ ಜಗಲಿ ಮೇಲೆ ಕೂತ್ರು. ಅವರಿಗೆ ಅವರ ಸೂರ್ಯ ವಾಪಸ್ ಬರ್ಲಿ. ಹಾಕಿ ಮೇಡಂ. ನೀವು ಬೇರೆ ಕಡೆ ಒತ್ತಿದ್ರೆ ಸದ್ದಿನಲ್ಲೇ ಗೊತ್ತಾಗತ್ತೆ ನನಗೆ.”

ಸದ್ದಿನಲ್ಲಿ ಗೊತ್ತಾಗಲು ಸಾಧ್ಯವಿರಲಿಲ್ಲ. ಆದರೂ ನಾನು ಅವರು ಹೇಳಿದಲ್ಲೇ ಒತ್ತಿದೆ. ಅದು ಅವರ ಓಟು. ಇದನ್ನು ಈಗ ಬರೆಯಬಹುದೇ ಎಂದು ಆಚಾರ್ರನ್ನು ಕೇಳಿದೆ. “ಬರೀರಿ, ಕಣ್ಣಿನ ಗುಟ್ಟೇ ಉಳೀಲಿಲ್ಲ, ಓಟಿನದೇನು” ಎಂದಿದ್ದಾರೆ.

ದ್ವೀಪಗಳ ಜನ ಯಾವಾಗಲೂ ಅರ್ಧಕ್ಕರ್ಧ ಒಡೆಯುತ್ತಾರೆ. ನಮ್ಮ ಪೆಟ್ಟಿಗೆ ಯಾವ ಕಡೆ ವಾಲುತ್ತದೋ ಅವರೇ ಗೆಲ್ಲುವುದು. ಎಣಿಕೆಯ ದಿನ ಚೌಕದಲ್ಲಿ ಊರೆಲ್ಲ ನೆರೆದಿತ್ತು. ಆಚಾರ್ರು ಮುಂದಿನ ಸಾಲಿನಲ್ಲಿದ್ದರು. ಚೀಟಿಗಳನ್ನು ಒಂದೊಂದಾಗಿ ಬಿಚ್ಚಿದರು. ಕುರಿ. ಕುರಿ. ಮತ್ತೆ ಕುರಿ. ಜನ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ನೆಲ ನೋಡತೊಡಗಿದರು. ಪೆಟ್ಟಿಗೆಯ ತಳ ಮುಟ್ಟುವಾಗ ಎಲ್ಸ್‌ಪೆತ್ ಅವರಿಗೆ ಒಂದು ಓಟು ಬಂತು. ಮಿಕ್ಕದ್ದೆಲ್ಲ ಮ್ಯಾಗ್ನಸ್ ಅವರಿಗೆ.

“ಯಾಕ್ ಸಾಕಮ್ಮ, ಮನೆಗ್ ಕಳಿಸ್ತೀನಿ ಅಂತಿದ್ದೆ?” ಎಂದ ರುದ್ರಪ್ಪ ಪಿಸುದನಿಯಲ್ಲಿ.

“ನೀವೆಲ್ಲಾ ಕಳಿಸ್ತೀರಲ್ಲ, ನನ್ ಒಂದ್ ಓಟು ಆಚಾರ್ರಿಗಿರ್ಲಿ ಅಂದ್ಕೊಂಡೆ. ನೀನ್ ಯಾಕ್ ಹಾಕ್ಲಿಲ್ಲ?”

“ನಾನೂ ಹಂಗೇ ಅಂದ್ಕೊಂಡೆ.”

“ಬಾಯಿ ಬಿದ್ದೋಗಿತ್ತಾ ಮೊದ್ಲೇ ಹೇಳಕ್ಕೆ?” ಎಂದು ಸಾಕಮ್ಮ ಸಿಡುಕಿದಳು. ಮತ್ತೆ ಅದೇ ಚಳಿಗಾಲದ ಉದ್ದ ಕತ್ತಲು, ಇನ್ನಷ್ಟು ವರ್ಷ ಬಾಯಿ ಬಿಡದ ಮೊಗ್ಗು ಅವಳ ಕಣ್ಣ ಮುಂದೆ ಬಂದಿರಬೇಕು. ಸಿಟ್ಟನ್ನು ಎಲ್ಲಿಯಾದರೂ ಇಳಿಸಬೇಕಿತ್ತು. “ಹೋಗ್ಲಿ, ಆ ಒಂದ್ ಓಟು ಯಾರ್ದು? ಆಚಾರ್ರ ಮುಖ ನೋಡಿಯೂ ಕರುಳು ಚುರುಕ್ ಅನ್ನದ ಆ ಮಹಾನುಭಾವ ಯಾರು?”

“ಇರ್ಲಿ ಬಿಡು ತಾಯಿ” ಎಂದರು ಆಚಾರ್ರು, ಕೆನ್ನೆ ಒರೆಸಿಕೊಳ್ಳುತ್ತ. “ಅವನಿಗೂ ಏನೋ ಇತ್ತೇನೋ.”

ಎಲ್ಸ್‌ಪೆತ್ ಅಳಲಿಲ್ಲ. ಎದ್ದು ನಿಂತು, “ಆ ಒಬ್ಬರಿಗೆ ನನ್ನ ನಮಸ್ಕಾರವನ್ನು ತಿಳಿಸಿರಿ” ಎಂದರು. ಹೋಗುವಾಗ ಕೆಮ್ಮಿನ ಮಿಠಾಯಿಯ ದೊಡ್ಡ ಡಬ್ಬವೊಂದನ್ನು ನನ್ನ ಕೈಗಿತ್ತರು. ಗೆದ್ದಿದ್ದರೆ ಮೊದಲ ದಿನವೇ ಹಂಚಬೇಕೆಂದು ತಂದಿದ್ದರಂತೆ. ಸೋತರೂ ಕೊಟ್ಟೇ ಹೋದರು.

ಚಳಿಗಾಲ ಕಳೆಯಿತು. ಹೊತ್ತು ದಿನದಿನಕ್ಕೆ ಉದ್ದವಾಗುತ್ತ ಬಂತು. ಆಚಾರ್ರು ಅಂಗಡಿಯ ಕದ ಅರೆ ಮುಚ್ಚಿಕೊಂಡು ಏನನ್ನೋ ಕೆತ್ತುತ್ತಿದ್ದರು, ಕೇಳಿದರೆ ಹೇಳುತ್ತಿರಲಿಲ್ಲ. ಬೇಸಿಗೆಯ ಒಂದು ಸಂಜೆ, ಎಲ್ಲರ ಊಟವಾಗಿ ಜಗಲಿಗಳು ತುಂಬಿದ್ದಾಗ, ಕೆರೆಯ ಮೇಲಿನಿಂದ ಹೊಂಬೆಳಕು ಬೀದಿಯುದ್ದಕ್ಕೂ ಹರಿಯುತ್ತಿದ್ದಾಗ, ಅವರು ಬಗಲಲ್ಲಿ ಒಂದು ಮರದ ಪೆಟ್ಟಿಗೆ ಹಿಡಿದುಕೊಂಡು ಹೊರಟರು. ಗಾಣದ ಕಲ್ಲು ನಿಚ್ಚಳವಾಗಿ ಕಾಣುತ್ತಿತ್ತು. ಅದರ ಪಕ್ಕ ನಿಂತು ಆಚಾರ್ರು ಗಟ್ಟಿಯಾಗಿ ಕೆಮ್ಮಿದರು. ರುದ್ರಪ್ಪ ಬೆಚ್ಚಿ ತಲೆಯೆತ್ತಿದ. ಚರಂಡಿಯ ಹತ್ತಿರ ಬಂದು ಎರಡು ಸಲ ಸಣ್ಣಗೆ ಕೆಮ್ಮಿದರು.

“ಏನ್ ಆಚಾರ್ರೇ, ಕೆಮ್ಮು?” ಎಂದಳು ಸಾಕಮ್ಮ, ಕಟ್ಟುತ್ತಿದ್ದ ದಂಡೆಯನ್ನು ತೊಡೆಯ ಮೇಲಿಟ್ಟು.

“ನೆಗಡಿ ಕಣಮ್ಮ” ಎಂದರು. ಪೆಟ್ಟಿಗೆಯನ್ನು ಅವಳ ಜಗಲಿಯ ಮೇಲಿಟ್ಟರು. ಬೀಟೆ ಮರದ್ದು, ಒಳಗೆಲ್ಲ ಕಪ್ಪು ಬಟ್ಟೆ, ಸಂದಿಯಲ್ಲೆಲ್ಲ ಹಾರ್ಮೋನಿಯಂಗೆ ಹಾಕುವ ಮೆತ್ತನೆಯ ತೊಗಲು. “ಗಾಳಿ ಆಡತ್ತೆ, ಬೆಳಕು ಮಾತ್ರ ಒಂದು ಚೂರೂ ಹೋಗಲ್ಲ. ಒಳಗೆ ನೋಡಿದ್ರೆ ನನಗೇನೂ ಕಾಣ್ಸಲ್ಲ, ಅಂದ್ಮೇಲೆ ಸರಿಯಾಗಿದೆ ಅಂತ. ಮೊಗ್ಗು ಹಾಕಿಡು.”

ಸಾಕಮ್ಮ ದಂಡೆಯನ್ನು ಒಳಗಿಟ್ಟು ಮುಚ್ಚಳ ಹಾಕಿದಳು. ಆಚಾರ್ರು ಅವಳ ಪಕ್ಕ ಜಗಲಿಯ ಮೇಲೆ ಕೂತರು. ರುದ್ರಪ್ಪ ಎದ್ದು ಬಂದ, ನಾನೂ ಹೋದೆ. ಮಿಠಾಯಿಯ ಡಬ್ಬ ನನ್ನ ಕೈಯಲ್ಲಿತ್ತು, ಎಲ್ಲರೂ ಒಂದೊಂದು ಬಾಯಿಗೆ ಹಾಕಿಕೊಂಡೆವು. ಸುತ್ತಲೂ ಮುಗಿಯದ ಬೆಳಕು, ನಡುವೆ ಒಂದು ಮೊಳದ ಪೆಟ್ಟಿಗೆಯೊಳಗೆ ಕತ್ತಲಾಗುತ್ತಿತ್ತು.

ಬಹಳ ಹೊತ್ತಿನ ಮೇಲೆ ಸಾಕಮ್ಮ ಮುಚ್ಚಳ ತೆಗೆದಳು. ಘಮ ಮೊದಲು ಬಂತು, ಹೂವು ಆಮೇಲೆ ಕಂಡಿತು. ಅವಳು ದಂಡೆಯನ್ನು ಎತ್ತಿ ಹಿಡಿದು ಸುಮ್ಮನೆ ನೋಡಿದಳು, ಆಮೇಲೆ ಆಚಾರ್ರನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ಮಿಠಾಯಿಯನ್ನು ಬಾಯಲ್ಲಿ ಈ ಕಡೆಯಿಂದ ಆ ಕಡೆಗೆ ಹೊರಳಿಸಿದೆ.

“ಮೇಡಮ್ಮೋರೆ” ಎಂದಳು ಮೆಲ್ಲಗೆ, “ಆ ಒಂದ್ ಓಟು...”

ನಾನು ಉದ್ದಕ್ಕೆ ಕೆಮ್ಮಿದೆ.

ಸಾಕಮ್ಮನಿಗೆ ಅಷ್ಟು ಸಾಕಾಯಿತು. ಮೊದಲ ಮೊಳವನ್ನು ಹರಿದು ಆಚಾರ್ರ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಅವರು ಅದನ್ನು ಮೂಗಿಗೆ ಹಿಡಿದುಕೊಂಡು ಎದ್ದರು, ಹೊಂಬೆಳಕಿನಲ್ಲಿ ಕೆರೆಯ ಕಡೆಗೆ ಕೈಬೀಸಿಕೊಂಡು ನಡೆದರು. ಪ್ರತಿ ಮನೆಯ ಮುಂದೆಯೂ ಒಮ್ಮೆ ಕೆಮ್ಮುತ್ತಿದ್ದರು, ಜಗಲಿಯ ಮೇಲಿದ್ದವರು ತಿರುಗಿ ಕೆಮ್ಮುತ್ತಿದ್ದರು. ಅವರು ಏರಿ ಹತ್ತಿ ಮರೆಯಾಗುವವರೆಗೂ ನಮಗೆ ಅದು ಕೇಳಿಸುತ್ತಲೇ ಇತ್ತು.